ಮಡಿಲುಮಣ್ಣಿನ ಕಟ್ಟೆ

ಹೊಳೆ ಕಡಲನ್ನು ಸೇರುವಲ್ಲಿ, ಚಿಪ್ಪಿನ ಚೂರುಗಳಿಂದ ಬೆಳ್ಳಗಾದ ಬಯಲಿನ ನಡುವೆ, ಸೊಂಟದೆತ್ತರದ ಕೆಂಪು ಮಣ್ಣಿನ ಕಟ್ಟೆಯೊಂದಿದೆ. ಅದರ ಮೇಲೆ ವರ್ಷವಿಡೀ ಹಸುರಾಗಿರುವ ಕೇಪಳದ ಪೊದೆ. ಸುತ್ತ ಎಲ್ಲಿಯೂ ಬೇರೆ ಕೇಪಳವಿಲ್ಲ. ಅಂಥ ಮಣ್ಣೂ ಇಲ್ಲ. ಊರವರು ಇದನ್ನು ಮಡಿಲುಮಣ್ಣಿನ ಕಟ್ಟೆ ಎನ್ನುತ್ತಾರೆ.

ಹಿಂದೆ ಒಮ್ಮೆ ಇಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುವವರ ಮನೆಗಳಿದ್ದವು. ಅವರಲ್ಲಿ ಮಂಕಾಳಿ ಎಂಬ ವಿಧವೆಯ ಒಬ್ಬಳೇ ಮಗಳು ಚಂದು, ಆರು ವರ್ಷದವಳು, ಬಿಡದ ಜ್ವರದಲ್ಲಿ ಕರಗುತ್ತಿದ್ದಳು. ಮದ್ದುಗಳೆಲ್ಲ ಮುಗಿದ ಮೇಲೆ ಗುಡ್ಡದ ದೇವರ ಬನದಲ್ಲಿ ಅಮ್ಮ ಮೈಮೇಲೆ ಬರುವ ಪಾತ್ರಿ ನುಡಿ ಕೊಟ್ಟ: ನಿನ್ನ ಅಂಗಳದಲ್ಲಿ ನೀನೇ ಬೆಳೆಸಿದ ಕೇಪಳದ ಹೂವನ್ನು ಅಮ್ಮನಿಗೆ ಒಪ್ಪಿಸಿದರೆ ಮಗು ಉಳಿದೀತು. ಮಂಕಾಳಿ ಗುಡ್ಡದಿಂದ ಗಿಡ ತಂದು ನೆಟ್ಟಳು. ಗೆದ್ದಲು ಬಾರದಿರಲೆಂದು, ಸುಣ್ಣದವರ ರೂಢಿಯಂತೆ, ಗುಂಡಿಗೆ ಮೊದಲು ಹಿಡಿ ಸುಣ್ಣ ಹಾಕಿದ್ದಳು. ತಿಂಗಳಲ್ಲಿ ಎಲೆಗಳು ಹಳದಿಯಾಗಿ ನರಗಳಷ್ಟೇ ಹಸುರು ಉಳಿದವು. ಹುಳದ ಕಾಟವೆಂದು ಬಗೆದು ಮತ್ತಷ್ಟು ಸುಣ್ಣ ಹಾಕಿದಳು. ಎರಡನೆಯ ಗಿಡವೂ ಹಾಗೆಯೇ ಹೋಯಿತು. ‘ನಮ್ಮ ಅಂಗಳದಲ್ಲಿ ಎಲೆಯಡಿಕೆಗೆ ಹಚ್ಚುವುದು ಸಿಕ್ಕೀತು ಮಾರಾಯ್ತಿ, ಮುಡಿಯುವುದು ಸಿಕ್ಕೀತೇ?’ ಎಂದು ನೆರೆಯ ದೇವು ನಕ್ಕಳಂತೆ. ಆ ಮಾತಿನಿಂದಲೇ ಮಂಕಾಳಿಗೆ ತನ್ನ ತಪ್ಪು ಹೊಳೆಯಿತು: ಗಿಡವನ್ನು ಕೊಲ್ಲುತ್ತಿದ್ದುದು ಸುಣ್ಣವೇ.

ಗುಡ್ಡದ ಮಣ್ಣೇ ಬೇಕು. ಆದರೆ ಬನದ ಮಣ್ಣಿಗೆ ಕಬ್ಬಿಣ ತಾಗಬಾರದು, ಬುಟ್ಟಿ ಒಯ್ಯಬಾರದು. ಹೆಣ್ಣು ಕೈಯಿಂದ ಕೆದಕಿ ಮಡಿಲಲ್ಲಿ ಹಿಡಿದಷ್ಟು ಮಾತ್ರ ಅವಳದು. ಮಂಕಾಳಿ ಬೆಳಗಿನಿಂದ ಬೈಗಿನವರೆಗೆ ಗುಡ್ಡ ಹತ್ತಿಳಿದಳು. ಉಗುರುಗಳು ಕಿತ್ತುಬಂದವು. ‘ಅಮ್ಮ, ಇವತ್ತು ಹೋಗಬೇಡ’ ಎಂದು ಚಂದು ಸೆರಗು ಹಿಡಿದ ದಿನವೂ ಅದನ್ನು ಬಿಡಿಸಿಕೊಂಡು ಹೋದಳು. ಸುಣ್ಣದ ನೆಲಕ್ಕೆ ಬೇರು ಸೋಕದಷ್ಟು ಕಟ್ಟೆ ಏರಿತು. ಮೂರನೆಯ ಗಿಡ ಚಿಗುರಿತು. ಅದು ಮೊಗ್ಗು ಕಟ್ಟುವ ಮೊದಲೇ, ತಾಯಿ ಗುಡ್ಡದಲ್ಲಿದ್ದಾಗ, ಮಗು ಹೋಯಿತು. ಹನ್ನೆರಡು ದಿನ ಕಳೆದ ಮೇಲೆ ಮಂಕಾಳಿ ಮತ್ತೆ ಮಡಿಲು ತುಂಬಿಕೊಂಡು ಗುಡ್ಡ ಇಳಿದಳು. ದೇವು ಅಡ್ಡ ನಿಂತು, ‘ಇನ್ನು ಯಾರಿಗಕ್ಕ ಇದು?’ ಎಂದು ಕೇಳಿದಳು.

‘ಮಗು ಕರೆದಾಗ ನಿಲ್ಲದವಳು, ಈಗ ಹೇಗೆ ನಿಲ್ಲಲಿ?’

ಬಂದವರು ಇಂದಿಗೂ ಆ ಬಿಳಿಯ ಬಯಲಲ್ಲಿ ಕೇಪಳದ ಕೆಂಪು ಗೊಂಚಲುಗಳನ್ನು ಕಾಣುತ್ತಾರೆ. ಅವನ್ನು ಯಾರೂ ಕೊಯ್ಯುವುದಿಲ್ಲ, ದೇವರಿಗೂ ಒಯ್ಯುವುದಿಲ್ಲ. ಪ್ರತಿ ಮಳೆಗಾಲ ಕಟ್ಟೆಯನ್ನು ಕರಗಿಸಿದ ಮೇಲೆ ಊರ ಹೆಂಗಸರು ಗುಡ್ಡದಿಂದ ಮಡಿಲಲ್ಲಿ ಮಣ್ಣು ತಂದು ಸುರಿಯುತ್ತಾರೆ. ಮನೆಯಲ್ಲಿ ಮಗುವಿನ ಮೈ ಬಿಸಿಯಾಗಿದ್ದರೆ ತಾಯಿ ಆ ದಿನ ಬರಕೂಡದು. ಬಂದರೆ, ಉಳಿದವರೇ ಅವಳ ಮಣ್ಣನ್ನು ತಮ್ಮ ಮಡಿಲಿಗೆ ಹಾಕಿಸಿಕೊಂಡು ಅವಳನ್ನು ಮನೆಗೆ ಕಳುಹಿಸುತ್ತಾರೆ.