ಗುನುಗದ ಮಡಕೆ

ಹೊಳೆಯ ದಂಡೆಯಲ್ಲಿ ಚೌಡವ್ವನ ಆಶ್ರಮವಿತ್ತು. ಆಶ್ರಮವೆಂದರೆ ದೊಡ್ಡದೇನಲ್ಲ. ಒಂದು ಹುಲ್ಲಿನ ಗುಡಿಸಲು, ಪಕ್ಕದಲ್ಲಿ ಅಡುಗೆಮನೆ, ಎರಡರ ಮೇಲೂ ಹಬ್ಬಿದ ಕುಂಬಳದ ಬಳ್ಳಿ.

ವರ್ಷಕ್ಕೊಮ್ಮೆ, ಸಿಹಿಗುಂಬಳ ಹಣ್ಣಾಗುವ ಕಾಲಕ್ಕೆ ಅಲ್ಲಿ ಹೆಂಡ ಇಡುತ್ತಿದ್ದರು. ಆಶ್ರಮದಲ್ಲಿ ಹೆಂಡವೇ ಎಂದು ಹುಬ್ಬೇರಿಸುವವರು ಏರಿಸಲಿ. ಮೊಳಕೆ ಬರಿಸಿದ ರಾಗಿ, ಕುಂಬಳ, ಹೊಳೆಯ ನೀರು, ಇಷ್ಟೇ ಅದರ ಸಾಮಾನು. ಪೇಟೆಯವರು ಬಾಟಲಿಯಲ್ಲಿ ಕುಡಿಯುವ ಬೀರಿಗೆ ದೂರದ ಬಡ ನೆಂಟ ಅನ್ನಿ. ಸುತ್ತಲ ಏಳು ಹಟ್ಟಿಯ ಜನ ಬಂದು ಅದನ್ನು ಪ್ರಸಾದದಂತೆ ಕುಡಿಯುತ್ತಿದ್ದರು. ಹೋಗುವಾಗ ಮಡಕೆಯ ತಳದ ಮಡ್ಡಿಯನ್ನು ಒಂದೊಂದು ಚಮಚ ಮನೆಗೆ ಒಯ್ಯುತ್ತಿದ್ದರು.

ಆ ಮಡ್ಡಿಯೇ ಹೆಂಡದ ಜೀವ. ಮೊಸರಿಗೆ ಹೆಪ್ಪು ಹೇಗೋ ಹಾಗೆ. ಹೋದ ವರ್ಷದ ಮಡ್ಡಿ ಬೆರೆಸಿದರೆ ಮಾತ್ರ ಈ ವರ್ಷದ ಹೆಂಡ ಹುದುಗುತ್ತದೆ. ಚೌಡವ್ವ ಅದನ್ನು ಒಂದು ಸೋರೆಬುರುಡೆಯಲ್ಲಿ ಕಾಪಾಡಿಕೊಂಡು ಬಂದಿದ್ದಳು. ಅವಳ ಗುರುವಿನ ಕೈಯಿಂದ ಅವಳ ಕೈಗೆ ಬಂದು ಅರವತ್ತು ವರ್ಷವಾಗಿತ್ತು.

ಅವಳ ಶಿಷ್ಯ ದೊರೆಸ್ವಾಮಿ. ಆಶ್ರಮಕ್ಕೆ ಬಂದು ಒಂಬತ್ತು ತಿಂಗಳಾಗಿತ್ತು, ವಯಸ್ಸು ಮೂವತ್ತು ದಾಟಿತ್ತು. ಹೆಸರಿಗೆ ದೊರೆ, ಆಸಾಮಿ ಮಾತ್ರ ಮಹಾ ಪುಕ್ಕಲ.

ಪುಕ್ಕಲುತನಕ್ಕೆ ಕಾರಣವೂ ಇತ್ತು. ಅವನಪ್ಪ ಮದುವೆ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದವನು. ಒಂದು ಮದುವೆಯಲ್ಲಿ ಪಾಯಸದ ಕೊಪ್ಪರಿಗೆಗೆ ಹಲ್ಲಿ ಬಿತ್ತು. ನಲವತ್ತು ಜನ ವಾಂತಿ ಮಾಡಿಕೊಂಡು ಮಲಗಿದರು, ಒಬ್ಬ ಮುದುಕ ಮತ್ತೆ ಏಳಲೇ ಇಲ್ಲ. ಅಪ್ಪ ಅವತ್ತೇ ಊರು ಬಿಟ್ಟವನು ಇವತ್ತಿನವರೆಗೂ ಬಂದಿಲ್ಲ. ಇದರ ಪೂರ್ತಿ ಕಥೆಯನ್ನು ದೊರೆ ಯಾರಿಗೂ ಹೇಳಿರಲಿಲ್ಲ.

ಆ ವರ್ಷ ಚೌಡವ್ವ ಅಂದಳು, "ಈ ಸಲದ ಮಡಕೆ ನೀನೇ ಇಡು."

"ನಾನಾ?" ದೊರೆ ಕೈಯನ್ನು ಪಂಚೆಗೆ ಒರೆಸಿಕೊಂಡ.

"ರಾಗಿ ಹಿಟ್ಟು, ಕುಂಬಳ ಬೇಯಿಸು. ಒಲೆಯಿಂದ ಇಳಿಸಿ ಹಾಗೇ ಬಿಡು. ಬಾಯಿ ಮುಚ್ಚಬ್ಯಾಡ, ಮುಚ್ಚಿದ್ರೆ ಬಿಸಿ ಒಳಗೇ ಕೂತ್ಕೊಂಡು ಕೆಟ್ಟೋಯ್ತದೆ. ಮುಂದೆ ಕೂತು ಕಾಯಿ. ಮೊಣಕೈ ಅದ್ದಿದ್ರೆ ಸುಡಬಾರ್ದು, ಆಗ ಮಡ್ಡಿ ಹಾಕಿ ಮುಚ್ಚು. ಹೊತ್ತು ಮುಳುಗೋತನಕ ಹಿಡೀತದೆ."

ದೊರೆ ಮೇಲೆ ನೋಡಿದ. ಅಡುಗೆಮನೆಯ ತೊಲೆಯ ಮೇಲೆ, ಮಡಕೆಗೆ ಸರಿಯಾಗಿ, ಒಂದು ದಪ್ಪ ಹಲ್ಲಿ ಕೂತಿತ್ತು.

"ಅವ್ವಾ, ಹಲ್ಲಿ ಬಿದ್ರೆ?"

ಚೌಡವ್ವನಿಗೆ ಕಿವಿ ಮಂದ. ದೊರೆ ಕೇಳಿದ್ದೋ ಗಂಟಲೊಳಗೇ. ಅವಳು ಸೆರಗು ಕೊಡವಿ ಎದ್ದು ಹೋದಳು. ಅವನು ಇನ್ನೊಂದು ಸಲ ಕೇಳಲಿಲ್ಲ.

ಮರುದಿನ ಬೆಳಿಗ್ಗೆಯೇ ಬೇಯಿಸಿ ಇಳಿಸಿದ. ಮಡಕೆಯ ಬಾಯಿಂದ ಆವಿ ಏಳುತ್ತಿತ್ತು. ದೊರೆ ಮಡಕೆ ನೋಡಲಿಲ್ಲ, ಹಲ್ಲಿಯನ್ನೇ ನೋಡುತ್ತ ಕೂತ. ಹಲ್ಲಿ ಒಂದು ಗೇಣು ಸರಿಯಿತು. ಅವನ ಕುತ್ತಿಗೆಯಲ್ಲಿ ಬೆವರು ಇಳಿಯಿತು. ಪೊರಕೆ ತಂದು ಓಡಿಸಿದ. ಅದು ಹುಲ್ಲಿನೊಳಗೆ ಸೇರಿಕೊಂಡಿತು. ಕಣ್ಣಿಗೆ ಕಾಣದ ಮೇಲಂತೂ ಭಯ ಇನ್ನೂ ಹೆಚ್ಚಾಯಿತು.

ಮಧ್ಯಾಹ್ನದ ಹೊತ್ತಿಗೆ ಅವನಿಂದ ಆಗಲಿಲ್ಲ. ಸೋರೆಬುರುಡೆ ಎತ್ತಿದ, ಮಡ್ಡಿಯನ್ನೆಲ್ಲ ಮಡಕೆಗೆ ಸುರಿದ, ಬಾಳೆಲೆ ಮುಚ್ಚಿ ಸುತ್ತ ಕೆಮ್ಮಣ್ಣು ಮೆತ್ತಿದ. ಗಾಳಿಯಾಡಲು ಕಡ್ಡಿಯಷ್ಟು ತೂತು ಬಿಟ್ಟ. ಉಸ್ಸೆಂದು ಕೂತ. ಇನ್ನು ಯಾವ ಹಲ್ಲಿಯೂ ಏನೂ ಮಾಡಲಾರದು.

ಆಮೇಲೆ ನೋಡಿಕೊಂಡ. ಮಡಕೆಗೆ ತಾಗಿದ ಮೊಣಕೈ ಕೆಂಪಗೆ ಸುಟ್ಟಿತ್ತು.

ಮೂರನೆಯ ದಿನ ಚೌಡವ್ವ ಬಂದಳು. ಮೂರನೆಯ ದಿನಕ್ಕೆ ಮಡಕೆ ಒಳಗೊಳಗೇ ಗುನುಗಬೇಕು. ಗುನುಗಿದರೆ ಹೆಂಡಕ್ಕೆ ಜೀವ ಬಂತೆಂದು ಲೆಕ್ಕ.

"ನನ್ನ ಕಿವಿ ಹೋಯ್ತಲ್ಲಪ್ಪ. ನೀನೇ ಕಿವಿಗೊಟ್ಟು ಕೇಳು. ಏನಂತದೆ?"

ದೊರೆ ಮಡಕೆಯ ಹೊಟ್ಟೆಗೆ ಕಿವಿಯಿಟ್ಟ. ಒಳಗೆ ಏನೂ ಇಲ್ಲ. ತನ್ನ ಎದೆಯ ಡವಡವವೇ ಕೇಳಿಸಿತು. ಸುಡುವ ಗಂಜಿಯಲ್ಲಿ ಮಡ್ಡಿ ಸತ್ತುಹೋಗಿತ್ತು. ಅರವತ್ತು ವರ್ಷದ್ದು. ತಾನು ಕೊಂದಿದ್ದ.

"ಏನಂತದ್ಲಾ?"

"ಗುನುಗ್ತಾ ಐತೆ ಅವ್ವಾ!" ಎಂದು ಕೂಗಿ ಹೇಳಿದ.

ಆ ಗಳಿಗೆಗೆ ಸರಿಯಾಗಿ ತೊಲೆಯ ಮೇಲಿಂದ ಹಲ್ಲಿ ಲೊಚಗುಟ್ಟಿತು. ಮಾತಾಡುವಾಗ ಹಲ್ಲಿ ಲೊಚಗುಟ್ಟಿದರೆ ಆಡಿದ್ದು ಸತ್ಯ ಎಂದು ನಮ್ಮ ಜನ ನೆಲ ಮುಟ್ಟಿ ನಮಸ್ಕರಿಸುತ್ತಾರೆ. ದೊರೆ ನೆಲ ಮುಟ್ಟಲಿಲ್ಲ. ಚೌಡವ್ವನಿಗೆ ಅದೂ ಕೇಳಿಸಿರಲಿಕ್ಕಿಲ್ಲ.

"ಒಳ್ಳೇದಾಯ್ತು," ಅಂದಳು. "ಒಂಬತ್ತನೇ ದಿನ ಜನ ಬರ್ತಾರೆ. ಪದ್ಧತಿ ಗೊತ್ತಲ್ಲ? ಮೊದಲ ಗುಟುಕು ನಂದು. ನಾನು ಕುಡಿದು ಒಂದು ಊದುಬತ್ತಿ ಉರಿಯೋತನಕ ಕೂರ್ತೀನಿ. ನಂಗೇನೂ ಆಗ್ಲಿಲ್ಲ ಅಂದ್ರೆ ಉಳಿದೋರು ಕುಡೀತಾರೆ."

ದೊರೆಗೆ ಆ ಪದ್ಧತಿ ಗೊತ್ತಿರಲಿಲ್ಲ.

ಅಂದಿನಿಂದ ಅನ್ನ ಸೇರಲಿಲ್ಲ. ಜೀವವಿಲ್ಲದ ಗಂಜಿ ಒಂಬತ್ತು ದಿನ ಮುಚ್ಚಿದ ಮಡಕೆಯಲ್ಲಿ ಕೂತರೆ ಏನಾಗುತ್ತದೆ ಎಂಬುದು ಅಡುಗೆಯವನ ಮಗನಿಗೆ ಗೊತ್ತಿಲ್ಲವೇ? ಚೌಡವ್ವನ ಮಣಿಕಟ್ಟು ನೋಡಿದರೆ ಕಡ್ಡಿ. ಒಂದು ಕೆಮ್ಮು ಬಂದರೆ ಗೋಡೆ ಹಿಡಿದು ನಿಲ್ಲುವ ಮುದುಕಿ. ಅವಳು ಕುಡಿಯುತ್ತಾಳೆ. ತನ್ನ ಕೈಯಿಂದಲೇ ಕೊಡಬೇಕು.

ಹೇಳಿಬಿಡಲೇ ಎಂದು ದಿನಕ್ಕೆ ಹತ್ತು ಸಲ ಅವಳ ಮುಂದೆ ನಿಂತ. ಸೌದೆಯ ಮಾತೋ ನೀರಿನ ಮಾತೋ ಆಡಿ ಹಿಂದಿರುಗಿದ. ಅರವತ್ತು ವರ್ಷದ್ದನ್ನು ಕೊಂದೆ ಎಂದು ಯಾವ ಬಾಯಲ್ಲಿ ಹೇಳುವುದು?

ಆರನೆಯ ದಿನ ಗಂಟು ಕಟ್ಟಿಕೊಂಡು ಹೊಳೆಗೆ ಇಳಿದ. ಅಪ್ಪನ ದಾರಿ ಅವನಿಗೂ ತಿಳಿದಿತ್ತು. ಹರಿಗೋಲು ದಡದಲ್ಲಿ ಕಟ್ಟಿತ್ತು. ಅದರ ಪಕ್ಕದಲ್ಲೇ ಚೌಡವ್ವ ಸೀರೆ ಹಿಂಡುತ್ತಿದ್ದಳು.

ಅವಳು ಗಂಟು ನೋಡಿದಳು. ಅವನ ಮುಖ ನೋಡಿದಳು. ಹರಿಗೋಲಿನ ಹಗ್ಗ ಬಿಚ್ಚಿ ಅವನ ಕೈಗೆ ಕೊಟ್ಟಳು. ಮತ್ತೆ ಸೀರೆ ಹಿಂಡಲು ಕೂತಳು.

ದೊರೆ ಹಗ್ಗ ಹಿಡಿದು ನಿಂತ. ನೀರು ಹರಿಗೋಲನ್ನು ಎಳೆಯುತ್ತಿತ್ತು. ತಾನು ಹೋದರೂ ಮಡಕೆ ಇಲ್ಲೇ ಇರುತ್ತದೆ. ಒಂಬತ್ತನೆಯ ದಿನ ಬೇರೆ ಯಾರೋ ಬಗ್ಗಿಸಿ ಕೊಡುತ್ತಾರೆ, ಅವಳು ಕುಡಿಯುತ್ತಾಳೆ. ಅಂಗೈ ಉರಿಯುವವರೆಗೆ ನಿಂತಿದ್ದು, ಹಗ್ಗವನ್ನು ಮೊದಲಿನಂತೆ ಗೂಟಕ್ಕೆ ಕಟ್ಟಿದ.

"ಹೋಗಲ್ವಾ?" ಚೌಡವ್ವ ಕೇಳಿದಳು.

"ಇಲ್ಲ ಅವ್ವಾ."

"ಹಂಗಾದ್ರೆ ಈ ಸೀರೆ ಆ ತುದಿ ಹಿಡ್ಕೊ."

ಒಂಬತ್ತನೆಯ ದಿನ ಏಳು ಹಟ್ಟಿಯ ಜನ ಬಂದು ಅಂಗಳದಲ್ಲಿ ಕೂತರು. ಹೆಂಗಸರು, ಗಂಡಸರು, ಹಿಂದಿನ ಸಾಲಿನಲ್ಲಿ ಮುದುಕರು. ಊದುಬತ್ತಿ ಹಚ್ಚಿಟ್ಟರು. ದೊರೆ ಕೆಮ್ಮಣ್ಣು ಒಡೆದು ಬಾಳೆಲೆ ತೆಗೆದ. ಹಳಸಿದ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಸೋರೆಚಿಪ್ಪಿನಲ್ಲಿ ಬಗ್ಗಿಸಿದ. ಅವಳ ಮುಂದೆ ಹಿಡಿದ.

ಚೌಡವ್ವ ಚಿಪ್ಪು ತೆಗೆದುಕೊಂಡಳು. ಅವಳ ಕಿವಿ ಹೋಗಿತ್ತೇ ಹೊರತು ಮೂಗು ಹೋಗಿರಲಿಲ್ಲ. ಆದರೂ ಮುಖ ಸಿಂಡರಿಸಲಿಲ್ಲ. ಅವನನ್ನೇ ನೋಡುತ್ತ ಚಿಪ್ಪನ್ನು ತುಟಿಗೆ ಎತ್ತಿದಳು.

ದೊರೆಯ ಕಣ್ಣಿಗೆ ಆ ಮದುವೆಯ ಮುದುಕ ಕಾಣಿಸಿದ. ಎಲೆಯ ತುದಿಯಲ್ಲಿ ಪಾಯಸ ಹಾಕಿಸಿಕೊಂಡು, ಇನ್ನೂ ಒಂದು ಸೌಟು ಹಾಕಪ್ಪ ಎಂದು ನಕ್ಕಿದ್ದವನು.

"ಕುಡೀಬ್ಯಾಡಿ ಅವ್ವಾ!"

ಕೈ ಬೀಸಿದ. ಚಿಪ್ಪು ಅಂಗಳಕ್ಕೆ ಉರುಳಿತು. ಗುಂಪು ಗುಜುಗುಜು ಅಂದು ತಣ್ಣಗಾಯಿತು.

"ಅದು ಗುನುಗಲಿಲ್ಲ ಅವ್ವಾ. ಸುಳ್ಳು ಹೇಳ್ದೆ. ಹಲ್ಲಿ ಬೀಳ್ತದೆ ಅಂತ ಹೆದ್ರಿ ಬಿಸಿ ಇರೋವಾಗ್ಲೇ ಮಡ್ಡಿ ಹಾಕಿ ಮುಚ್ಚಿಬಿಟ್ಟೆ. ಮಡ್ಡಿ ಸತ್ತೋಯ್ತು. ಅರವತ್ತು ವರ್ಷದ್ದು, ನಾನೇ ಕೊಂದೆ."

ಅಷ್ಟಕ್ಕೇ ನಿಲ್ಲಲಿಲ್ಲ. ಒಮ್ಮೆ ಕಟ್ಟೆ ಒಡೆದ ಮೇಲೆ ಹೇಗೆ ನಿಂತೀತು?

"ನಮ್ಮಪ್ಪನ ಪಾಯಸದಾಗೂ ಹಿಂಗೇ. ಹಲ್ಲಿ ಬಿದ್ದಿದ್ದು ನಮ್ಮಪ್ಪ ನೋಡಿದ್ದ. ನಂಗಾಗ ಹನ್ನೆರಡು ವರ್ಷ, ನಾನೂ ನೋಡಿದ್ದೆ. ಬಾಲ ತೇಲ್ತಾ ಇತ್ತು. ಇಬ್ರೂ ಒಬ್ರ ಮುಖ ಒಬ್ರು ನೋಡ್ಕಂಡ್ವಿ. ಆಮ್ಯಾಕೆ ಬಡಿಸಿದ್ವಿ."

ಅಂಗಳದಿಂದ ಒಬ್ಬ ಗಂಡಸು ಎದ್ದು ಬೈದ. "ಒಂಬತ್ತು ದಿನ ಬಾಯಿ ಹೊಲ್ಕೊಂಡಿದ್ಯೇನೋ? ಅವ್ವನಿಗೆ ಏನಾದ್ರೂ ಆಗಿದ್ರೆ?"

ದೊರೆ ತಲೆ ತಗ್ಗಿಸಿದ. ಹೊಡೆಯಲಿ ಎಂದೇ ಕಾದ.

ಎದುರಿನ ಹಟ್ಟಿಯ ಪುಟ್ಟೀರಮ್ಮ ಮುಂದೆ ಬಂದಳು. "ಬಯ್ಯೋದು ಆಮ್ಯಾಕೆ ಬಯ್ಯುವಂತೆ ಬಿಡಣ್ಣ. ಲೇ ತಮ್ಮ, ಮಡ್ಡಿ ಸತ್ತೋಯ್ತು ಅಂತ ಯಾಕೆ ಸಾಯ್ತೀಯ? ಹೋದ ವರ್ಷ ತಗೊಂಡೋಗಿದ್ದು ನಮ್ಮನೆ ಅಂಬಲಿ ಗಡಿಗೇಲಿ ಹಂಗೇ ಐತಲ್ಲೋ. ದಿನಾ ಹುಳಿ ಹಿಡೀತಾನೇ ಐತೆ."

"ನಮ್ಮನೇಲೂ ಐತೆ," ಇನ್ನೊಬ್ಬಳು ಅಂದಳು.

ದೊರೆ ಬಾಯಿ ಬಿಟ್ಟು ನೋಡಿದ. ಮೂರನೆಯ ದಿನವೇ ಹೇಳಿದ್ದರೆ ಮೂರನೆಯ ದಿನವೇ ಸಿಗುತ್ತಿತ್ತು. ಹೊಳೆ ದಾಟಿ ಕೂಗಳತೆಯಷ್ಟು ದೂರದ ಮನೆಯಲ್ಲಿ ಅದು ಸುಮ್ಮನೆ ಬದುಕಿತ್ತು. ಅವನಿಗೆ ಅಳು ಬಂತು. ನಾಚಿಕೆ ಬಿಟ್ಟು ಅತ್ತ.

ಚೌಡವ್ವ ಕಿವಿಯ ಹತ್ತಿರ ಕೈಯಿಟ್ಟು ಎಲ್ಲ ಕೇಳಿಸಿಕೊಂಡಳು.

"ನಾನೂ ಎರಡು ಸಲ ಕೊಂದಿದ್ದೆ," ಅಂದಳು. "ಒಂದ್ಸಲ ಬಿಸಿಗೆ, ಒಂದ್ಸಲ ಮರೆತು. ಎರಡು ಸಲಾನೂ ಈ ಪುಟ್ಟೀರಮ್ಮನ ಅಜ್ಜಿ ಮನೆ ಬಾಗಿಲಿಗೇ ಹೋಗಿದ್ದೆ."

ಪುಟ್ಟೀರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

"ಮಡಕೆ ತಿಪ್ಪೆಗೆ ಸುರಿ," ಚೌಡವ್ವ ಶಿಷ್ಯನಿಗೆ ಹೇಳಿದಳು. "ತೊಳೆದು ಬಿಸಿಲಿಗಿಡು. ನಾಳೆ ಬೆಳಿಗ್ಗೆ ಮತ್ತೆ ಬೇಯಿಸು. ಇವರೆಲ್ಲ ಇನ್ನು ಒಂಬತ್ತು ದಿನಕ್ಕೆ ಬರ್ತಾರೆ."

ಬೈದವನು ಗೊಣಗಿಕೊಂಡೇ ಹೊರಟ. ಹೋಗುವಾಗ ಬಳ್ಳಿಯ ಮೇಲಿಂದ ಎರಡು ಒಳ್ಳೆಯ ಕುಂಬಳ ಕಿತ್ತು ಅಡುಗೆಮನೆಯ ಬಾಗಿಲಲ್ಲಿಟ್ಟು ಹೋದ.

ಮರುದಿನ ಬೆಳಿಗ್ಗೆ ದೊರೆ ಹೊಸದಾಗಿ ಗಂಜಿ ಬೇಯಿಸಿ ಇಳಿಸಿದ. ಪುಟ್ಟೀರಮ್ಮನ ಮನೆಯ ಮಡ್ಡಿ ಪಕ್ಕದಲ್ಲಿ ಬಟ್ಟಲಲ್ಲಿತ್ತು. ಮಡಕೆಯ ಬಾಯಿ ತೆರೆದಿತ್ತು. ಆವಿ ನೆಟ್ಟಗೆ ತೊಲೆಯ ಕಡೆಗೆ ಏಳುತ್ತಿತ್ತು.

ಹಲ್ಲಿ ಹುಲ್ಲಿನಿಂದ ಹೊರಗೆ ಬಂತು. ತೊಲೆಯ ಮೇಲೆ, ಮಡಕೆಗೆ ಸರಿಯಾಗಿ, ತಲೆ ಕೆಳಗೆ ಮಾಡಿ ಕೂತಿತು.

ಭಯ ಎಲ್ಲಿಗೂ ಹೋಗಿರಲಿಲ್ಲ. ದೊರೆಯ ಕುತ್ತಿಗೆಯಲ್ಲಿ ಮತ್ತೆ ಬೆವರು ಇಳಿಯಿತು. ಕೈ ಬಾಳೆಲೆಯ ಕಡೆಗೆ ಹೋಯಿತು. ಸೂರ್ಯ ಇನ್ನೂ ನೆತ್ತಿಗೂ ಬಂದಿರಲಿಲ್ಲ.

ಹೊಸ್ತಿಲಲ್ಲಿ ಚೌಡವ್ವ ಕುಂಬಳದ ಬೀಜ ಬಿಸಿಲಿಗೆ ಹರವುತ್ತಿದ್ದಳು.

"ಅವ್ವಾ!" ಈ ಸಲ ಹೊಳೆಯಾಚೆಗೂ ಕೇಳುವಂತೆ ಕೂಗಿದ. "ಹಲ್ಲಿ ಬಿದ್ರೆ?"

ಅವಳು ತಲೆ ಎತ್ತದೆ ಅಂದಳು.

"ಬಿದ್ರೆ, ಬಿತ್ತು ಅಂತ ಹೇಳು."