ಮೊದಲ ಸವಾರಿ

ಗದಗಿನಲ್ಲಿ ರೊಟ್ಟಿ ಮಾರುವ ದ್ಯಾಮವ್ವನಿಗೆ ಒಂದು ಹಳೆಯ ಕಾರು ಬೇಕಾಗಿತ್ತು. ಗುತ್ತಿಗೆದಾರ ಶಂಕ್ರಪ್ಪನ ಮನೆ ಮುಂದೆ ಒಂದು ಮಾರಾಟಕ್ಕೆ ನಿಂತಿತ್ತು. ಬಣ್ಣವೇನೋ ಹೊಸದು, ಒಳಗಿನದು ದೇವರಿಗೇ ಗೊತ್ತು. ಮೆಕ್ಯಾನಿಕ್‌ನನ್ನು ಕರೆತರುತ್ತೇನೆ ಎಂದು ದ್ಯಾಮವ್ವ ಅಂದದ್ದೇ ತಡ, ಶಂಕ್ರಪ್ಪ ಮೀಸೆ ತಿರುವಿದ.

“ನನ್ನ ಮಾತಿಗಿಂತ ಮೆಕ್ಯಾನಿಕ್ ಹೆಚ್ಚೇನು? ಬಾನೆಟ್ ಎತ್ತಂಗಿಲ್ಲ, ಓಡಿಸಿ ನೋಡಂಗಿಲ್ಲ. ಬೇಕಾದ್ರ ತಗೋ, ಇಲ್ಲಂದ್ರ ಬಿಡು!”

ದ್ಯಾಮವ್ವ ಕೈಮುಗಿದಳು. “ನಿಮ್ಮ ಮಾತ ಸಾಕ್ರಿ ಸಾಹುಕಾರ್ರ. ನಾ ಏನೂ ನೋಡೂದಿಲ್ಲ. ಆದ್ರ ಮೊದಲ ಹಿರಿಯರು ಕೂತ್ರ ಗಾಡಿಗೆ ಶುಭ. ನಿಮ್ಮ ಅವ್ವಾರನ್ನ ಕೂಡ್ರಿಸ್ಕೊಂಡು ಗುಡ್ಡದ ಗುಡಿಗೆ ಹೋಗಿ ಇಳಿದು ಬರ್ರಿ. ಬಂದಕೂಡ್ಲೆ ರೊಕ್ಕ ಕೊಡ್ತೀನಿ.”

ಮನೆಯ ಕಟ್ಟೆಯ ಮೇಲೆ ಕೂತಿದ್ದ ಶಂಕ್ರಪ್ಪನ ಮುದುಕಿ ತಾಯಿಗೆ ಖುಷಿಯೋ ಖುಷಿ. ಸೆರಗು ಸರಿಮಾಡಿಕೊಂಡು ಬಂದು ಕಾರಿನ ಬಾಗಿಲಿಗೆ ಕೈಹಾಕಿದಳು. ಶಂಕ್ರಪ್ಪ ಓಡಿಬಂದು ಅಡ್ಡ ನಿಂತ.

“ಏ ಅವ್ವಾ, ಹತ್ತಬ್ಯಾಡ! ಇಳಿಜಾರಿನ್ಯಾಗ ಬ್ರೇಕ್ ಹಿಡಿಯಂಗಿಲ್ಲ!”

ಓಣಿಗೆಲ್ಲ ಕೇಳಿಸಿತು. ಮುದುಕಿ ಮಗನನ್ನು ದುರುಗುಟ್ಟಿ ನೋಡಿದಳು. “ಹಂಗಾರ ಈಕಿ ಬಿದ್ದು ಸತ್ರ ನಡೀತದೇನೋ?”

ಶಂಕ್ರಪ್ಪನ ಮೀಸೆ ಇಳಿಯಿತು. ಕಾರು ಅವತ್ತೇ ಅವನ ಖರ್ಚಿನಲ್ಲಿ ಗ್ಯಾರೇಜಿಗೆ ಹೊರಟಿತು. ಮುದುಕಿ ಹಿಂದಿನಿಂದ ಕೂಗಿ ಹೇಳಿದಳು:

“ರಿಪೇರಿ ಆದಮ್ಯಾಲ ಮೊದಲ ನೀನ ಗುಡ್ಡ ಹತ್ತಿ ಇಳಿ. ನೆಟ್ಟಗ ತಿರುಗಿ ಬಂದ್ರ ನಾ ಕೂಡ್ತೀನಿ!”