ಮರುಳಸಿದ್ದನ ಕಾಮಿಕ್ಸ್ ಅಂಗಡಿ ಚಾಕರಿ

ಕಾಲು ಚಾಚಿ ಕೂತ್ಕೊಳ್ಳಿ, ಬಾಯಲ್ಲಿರೋ ಎಲೆಅಡಿಕೆ ಉಗಿದು ಬನ್ನಿ. ಆಮೇಲೆ ನಗೋವಾಗ ನೆತ್ತಿಗೆ ಹತ್ತಿದರೆ ನನ್ನನ್ನ ಬೈಬೇಡಿ.

ಅರಸೀಕೆರೆಯಲ್ಲಿ ಹಾಲಮ್ಮ ಅಂತ ಒಬ್ಬಳು ಹಪ್ಪಳ ಒತ್ತಿ ಮಾರುತ್ತಿದ್ದಳು. ಅವಳಿಗೊಬ್ಬನೇ ಮಗ, ಮರುಳಸಿದ್ದ. ವಯಸ್ಸು ಇಪ್ಪತ್ತೆರಡು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿ ಇಲ್ಲ. ಅದೇ ಅವಳ ಗ್ರಹಚಾರ! ಹೋಟೆಲಿನಲ್ಲಿ "ಹಾಲು ಉಕ್ಕುತ್ತೆ, ನೋಡ್ತಿರು" ಅಂದರು. ನೋಡುತ್ತಿದ್ದ. ಉಕ್ಕಿತು, ಚೆಲ್ಲಿತು, ಒಲೆ ಆರಿತು, ಇನ್ನೂ ನೋಡುತ್ತಿದ್ದ. ಹೋಟೆಲಿನವನು ಓಡಿಸಿದ. ಗಿರಣಿಯವನು ಓಡಿಸಿದ. ಸೈಕಲ್ ಶಾಪಿನವನಂತೂ ಪಂಪು ಹಿಡಿದುಕೊಂಡು ಅಟ್ಟಿಸಿಕೊಂಡು ಬಂದ.

ಹಾಲಮ್ಮ ತಲೆ ಚಚ್ಚಿಕೊಂಡಳು. "ಅಯ್ಯೋ ನನ್ನಪ್ಪಾ, ಇನ್ನೊಂದೇ ಒಂದು ಕಡೆ ಸೇರಿಸ್ತೀನಿ. ಅಲ್ಲೂ ಓಡಿಸಿದ್ರೆ ಕಡೂರಿಗೆ ನಿಮ್ಮ ಮಾವನ ಇಟ್ಟಿಗೆ ಗೂಡಿಗೆ ಕಳಿಸ್ತೀನಿ, ನೋಡ್ಕೋ!"

ಆ ಇನ್ನೊಂದು ಕಡೆ ಯಾವುದು ಅಂತೀರಿ? ಸ್ಟೇಷನ್ ರಸ್ತೆಯಲ್ಲಿ ಪಂಚಾಕ್ಷರಿಯ ಅಂಗಡಿ. ಹಳೇ ಕಾಮಿಕ್ಸು, ಜಪಾನಿನ ಚಿತ್ರಕತೆ ಪುಸ್ತಕ, ಹಳೇ ಟೀವಿಗೆ ಜೋಡಿಸಿದ ವಿಡಿಯೋ ಗೇಮು. ಸಿದ್ದನಿಗೆ ಸ್ವರ್ಗವೇ ಸಿಕ್ಕಿತು! ಚಿಕ್ಕಂದಿನಿಂದ ಕಾಮಿಕ್ಸ್ ಅಂದರೆ ಪ್ರಾಣ ಅವನಿಗೆ. ಹಪ್ಪಳ ಸುತ್ತಲು ತಂದ ರದ್ದಿಯಲ್ಲಿ ಒಂದು ಹಾಳೆ ಕಾಮಿಕ್ಸ್ ಸಿಕ್ಕಿದರೂ ಅದನ್ನು ಓದಿ ಮುಗಿಸೋವರೆಗೂ ಅವ್ವನಿಗೆ ಕೊಡುತ್ತಿರಲಿಲ್ಲ. "ಅಣ್ಣಾ, ಇಲ್ಲಿಂದ ಮಾತ್ರ ನನ್ನ ಓಡಿಸ್ಬೇಡಣ್ಣಾ" ಅಂತ ಮೊದಲ ದಿನವೇ ಪಂಚಾಕ್ಷರಿಯ ಕೈ ಹಿಡಿದುಕೊಂಡ.

"ಹೇಳಿದ್ದು ಮಾಡ್ಕೊಂಡು ಇದ್ರೆ ಯಾಕೆ ಓಡಿಸ್ಲಿ?" ಅಂದ ಪಂಚಾಕ್ಷರಿ. ಪಾಪ, ಅವನಿಗೇನು ಗೊತ್ತು!

ಮಾರನೇ ದಿನ ಪಂಚಾಕ್ಷರಿ ಹಾಸನಕ್ಕೆ ಹೊರಟ. "ಸಿದ್ದಾ, ಅಂಗಡಿ ನೋಡ್ಕೋ. ಬಿಡುವಾದ್ರೆ ಜಪಾನಿನ ಪುಸ್ತಕ ತೆಗೆದು ಓದು."

ಸಿದ್ದ ಒಂದು ಪುಸ್ತಕ ತೆಗೆದ, ನಮ್ಮ ಪುಸ್ತಕ ತೆಗೆಯುವ ಕಡೆಯಿಂದಲೇ ತೆಗೆದ. ಮೊದಲನೇ ಪುಟದಲ್ಲೇ ನಾಯಕ ಸತ್ತು ಬಿದ್ದಿದ್ದಾನೆ! ಸುತ್ತ ಎಲ್ಲರೂ ಅಳುತ್ತಿದ್ದಾರೆ! ಸಿದ್ದನೂ ಅತ್ತ. ಸಾವಿನ ಮನೆಯಲ್ಲಿ ವ್ಯಾಪಾರ ಮಾಡುವುದುಂಟೇ? ಶಟರ್ ಎಳೆದ, ಸ್ಲೇಟಿನ ಮೇಲೆ "ಸಾವಾಗಿದೆ, ಅಂಗಡಿ ರಜಾ" ಅಂತ ಬರೆದು ತೂಗುಹಾಕಿದ, ಮೆಟ್ಟಿಲ ಮೇಲೆ ಕೂತು ಇನ್ನಷ್ಟು ಅತ್ತ.

ಸಂಜೆ ಪಂಚಾಕ್ಷರಿ ಬಂದರೆ ಅಂಗಡಿ ಮುಂದೆ ಅರ್ಧ ಊರು ನೆರೆದಿದೆ. ಕೈಯಲ್ಲಿ ಹಾರ! ಅವನನ್ನು ಕಂಡವರೇ ಮೂವರು ಕಿಟಾರನೆ ಕಿರುಚಿ ಓಡಿದರು.

"ಲೋ, ಯಾರೋ ಸತ್ತಿದ್ದು?"

"ಮೊದಲನೇ ಪುಟದಲ್ಲೇ ಹೋಗ್ಬಿಟ್ಟ ಅಣ್ಣಾ!"

"ಪೆದ್ದ ನನ್ಮಗನೇ! ಅದು ಕೊನೇ ಪುಟ ಕಣೋ! ಜಪಾನಿನವರದ್ದು ಹಿಂದಿನಿಂದ ಶುರು. ನಮ್ಮಂಗಡೀಲಿ ಹಿಂದಿರೋದು ಮೊದಲು, ಮುಂದಿರೋದು ಕೊನೆಗೆ. ತಿಳೀತಾ?"

"ತಿಳೀತಣ್ಣ. ಹಿಂದಿರೋದು ಮೊದಲು!"

ಶನಿವಾರ ಬಂತು. ಶಾಲೆಗೆ ಅರ್ಧ ದಿನ ರಜಾ. ವಿಡಿಯೋ ಗೇಮ್ ಆಡಲು ಹುಡುಗರು ಸಾಲು ನಿಂತರು. ಸಿದ್ದ ಸಾಲಿನ ಕೊನೆಗೆ ಹೋಗಿ ಅಲ್ಲಿದ್ದವನ ಕೈ ಹಿಡಿದ. "ಬಾ, ನೀನೇ ಮೊದಲು!"

"ನಾವು ಆಗಿನಿಂದ ನಿಂತಿದೀವಿ!" ಅಂದರು ಮುಂದಿನವರು.

"ಮುಂದಿರೋರು ಕೊನೆಗೆ!"

ಹೌದಾ? ಹಾಗಾದರೆ ಸರಿ ಅಂತ ಮುಂದಿದ್ದವನು ಓಡಿ ಹಿಂದೆ ನಿಂತ. ಆಗ ಅವನ ಹಿಂದಿದ್ದವನು ಮುಂದಾದ, ಅವನೂ ಓಡಿ ಹಿಂದೆ ನಿಂತ. ಎಲ್ಲರಿಗೂ ಹಿಂದೆ ನಿಲ್ಲಬೇಕು! ಸಾಲು ಹಿಂದೆ ಹಿಂದೆ ಸರಿಯಿತು. ಅಂಗಡಿ ಬಿಟ್ಟಿತು, ಸ್ಟೇಷನ್ ದಾಟಿತು, ರೈಲ್ವೆ ಗೇಟು ದಾಟಿತು. ಸಿದ್ದನೂ ಸಾಲಿನ ಕೊನೆ ಹುಡುಕಿಕೊಂಡು ಅದರ ಜೊತೆಗೇ ಹೋದ. ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂತಿದ್ದ ಪಂಚಾಕ್ಷರಿ ಸೈಕಲ್ ತುಳಿದು ಹೋಗಿ ಎಲ್ಲರನ್ನೂ ತಿರುಗಿಸಿ ಕರೆತಂದ. ಬಂದು ನೋಡಿದರೆ ಗೇಮೂ ನಿಂತುಹೋಗಿದೆ.

"ತಲೇಲಿ ಏನಿದೆಯೋ ನಿಂಗೆ? ಸಾಲು ಅಂದ್ರೆ ಸಾಲು, ಪುಸ್ತಕ ಅಂದ್ರೆ ಪುಸ್ತಕ! ಈಗ ಈ ಕ್ಯಾಸೆಟ್ ನೋಡು." ಪಂಚಾಕ್ಷರಿ ಗೇಮಿನ ಕ್ಯಾಸೆಟ್ ಹೊರಗೆ ತೆಗೆದು, ಅದರ ಕಂಡಿಗೆ ಬಾಯಿಟ್ಟು ಊದಿ, ಮತ್ತೆ ಒಳಗೆ ತಳ್ಳಿದ. ಟೀವಿಯಲ್ಲಿ ಗೇಮು ಬಂತು. "ನೋಡಿದ್ಯಾ? ಹಳೇದು ಯಾವುದೇ ನಿಂತುಹೋದ್ರೆ ಒಂದ್ಸಲ ಜೋರಾಗಿ ಊದು, ಒಳಕ್ಕೆ ತಳ್ಳು. ತಾನೇ ಸರಿಹೋಗುತ್ತೆ."

"ಆಯ್ತಣ್ಣ. ಊದ್ತೀನಿ, ತಳ್ತೀನಿ!"

ಸೋಮವಾರ ಶಂಕ್ರಪ್ಪ ಮೇಷ್ಟ್ರು ಬಂದರು. ರಿಟೈರಾಗಿ ಇಪ್ಪತ್ತು ವರ್ಷ. ಹಳೇ ಕಾಮಿಕ್ಸ್ ಅಂದರೆ ಅವರೂ ಚಿಕ್ಕ ಹುಡುಗ. ಒಂದು ಮೆಟ್ಟಿಲು ಹತ್ತಿದರು, ಎರಡು ಹತ್ತಿದರು, ಮೂರನೇದರಲ್ಲಿ ಏದುಸಿರು ಬಂದು ಬಾಗಿಲು ಹಿಡಿದು ನಿಂತರು.

ಸಿದ್ದ ನೋಡಿದ. ಹಳೇದು! ನಿಂತುಹೋಗಿದೆ!

ಓಡಿ ಬಂದ. ಮೇಷ್ಟರ ಕಿವಿಗೆ ಬಾಯಿಟ್ಟು ಉಫ್! ಅಂತ ಊದಿದ. ಹಿಂದಿನಿಂದ ದಬ್ ಅಂತ ತಳ್ಳಿದ. ಮೇಷ್ಟರು ಹೋಗಿ ಪುಸ್ತಕದ ರಾಶಿ ಮೇಲೆ ಬೋರಲು ಬಿದ್ದರು. ಅವರ ಕನ್ನಡಕ ಒಂದು ಕಡೆ, ಕೊಡೆ ಒಂದು ಕಡೆ.

"ಸರಿಹೋಯ್ತಣ್ಣಾ, ಒಳಗೆ ಬಂದ್ರು!" ಅಂತ ಸಿದ್ದ ಕುಣಿದ.

ಪಂಚಾಕ್ಷರಿ ಮೇಷ್ಟರನ್ನು ಎಬ್ಬಿಸಿ, ಮಂಡಿ ಒರೆಸಿ, ಕಾಫಿ ಕುಡಿಸಿ, ಕೈಮುಗಿದು ಕಳಿಸಿದ. ಆಮೇಲೆ ತಿರುಗಿದ. "ಹಳೇದಂದ್ರೆ ಚಿನ್ನ ಕಣೋ, ಚಿನ್ನ! ತಳ್ಳಬಾರದು, ಮಡಿಸಬಾರದು. ಬಿಸಿಲಿಗೆ ಬಿಡಬಾರದು. ಪ್ಲಾಸ್ಟಿಕ್ ಕವರ್ ಸುತ್ತಿ ಕಪಾಟಿನಲ್ಲಿ ಅಂಗಾತ ಇಡಬೇಕು. ಇನ್ನೊಂದು ತಪ್ಪು ಮಾಡಿದ್ಯೋ, ಕಡೂರಿನ ಬಸ್ಸು ಹತ್ತು!"

ಸಿದ್ದನ ಕಣ್ಣಲ್ಲಿ ನೀರು ಬಂತು. "ಮಾಡಲ್ಲಣ್ಣ. ಕವರ್ ಸುತ್ತಿ ಅಂಗಾತ ಇಡ್ತೀನಿ."

ಪಂಚಾಕ್ಷರಿಗೆ ತೊಂಬತ್ತು ವರ್ಷದ ಅಜ್ಜಿ ಇದ್ದರು. ದಿನಾ ಅಂಗಡಿ ಮುಂದೆ ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತ ಕೂರುವುದು ಅವರ ಪದ್ಧತಿ. ಮಾರನೇ ದಿನ ಸಿದ್ದ ಅವರನ್ನು ಕಂಡ. ಹಳೇದು, ಅದೂ ಬಿಸಿಲಿನಲ್ಲಿ! ಅಜ್ಜಿಯನ್ನು ಮಗುವಿನ ಹಾಗೆ ಎತ್ತಿಕೊಂಡ, ಮುಖ ಒಂದು ಬಿಟ್ಟು ಕತ್ತಿನಿಂದ ಕಾಲಿನವರೆಗೆ ಪ್ಲಾಸ್ಟಿಕ್ ಸುತ್ತಿದ, ಕೆಳಗಿನ ಕಪಾಟಿನಲ್ಲಿ ಅಂಗಾತ ಮಲಗಿಸಿದ. "ಮುಟ್ಟಬಾರದು" ಅಂತ ಚೀಟಿ ಬೇರೆ ಅಂಟಿಸಿದ.

ಮಧ್ಯಾಹ್ನ ಪುಸ್ತಕ ತೆಗೆಯಲು ಬಗ್ಗಿದ ಗಿರಾಕಿ ಅಜ್ಜಿಯನ್ನು ಕಂಡು ಹೌಹಾರಿದ. ಪಂಚಾಕ್ಷರಿ ಓಡಿಬಂದ. "ಅಜ್ಜೀ! ಅಜ್ಜೀ!"

"ಯಾಕೋ ಕೂಗ್ತೀಯಾ? ಬೆಚ್ಚಗೆ ನಿದ್ದೆ ಹತ್ತಿತ್ತು" ಅಂದರು ಅಜ್ಜಿ.

ಅಜ್ಜಿ ನಕ್ಕರು, ಪಂಚಾಕ್ಷರಿ ನಗಲಿಲ್ಲ. "ಭಾನುವಾರ ಅಂಗಡಿ ಮುಂದೆ ಕಾಮಿಕ್ಸಿನವರ ವೇಷ ಹಾಕೋ ಸ್ಪರ್ಧೆ ಇದೆ, ಕೈಗೆ ಆಳಿಲ್ಲ. ಅದಕ್ಕೆ ಅಲ್ಲೀವರೆಗೆ ಇರು. ಸೋಮವಾರದಿಂದ ಬರಬೇಡ. ಅಷ್ಟರಲ್ಲಿ ಇದೊಂದಾದ್ರೂ ಕಲಿ, ಬಂದೋರು ಹೇಗೆ ಕಾಣ್ತಾರೋ ನೋಡಿ, ಅದಕ್ಕೆ ತಕ್ಕ ಹಾಗೆ ನಡ್ಕೋ!"

"ಕಾಣೋ ಹಾಗೆ ನಡ್ಕೋತೀನಿ" ಅಂದ ಸಿದ್ದ, ಬಿಕ್ಕುತ್ತ.

ಭಾನುವಾರ ಬೆಳಗ್ಗೆ ಮೊದಲು ಬಂದವಳು ಕಾಲೇಜು ಹುಡುಗಿ. ಜಪಾನಿನ ಕತೆಯ ರಾಕ್ಷಸನ ವೇಷ! ಕೊಂಬು, ಕೋರೆಹಲ್ಲು, ನೀಲಿ ಕೂದಲು. ಹೇಗೆ ಕಾಣ್ತಾಳೋ ಅಂತ ಸಿದ್ದ ನೋಡಿದ. ರಾಕ್ಷಸ! ಕಸಪೊರಕೆ ತಗೊಂಡು ಸ್ಟೇಷನ್‌ವರೆಗೂ ಅಟ್ಟಿಸಿಕೊಂಡು ಹೋದ.

"ಅದು ವೇಷ ಕಣೋ ಮುಠ್ಠಾಳಾ!" ಪಂಚಾಕ್ಷರಿ ಪೊರಕೆ ಕಿತ್ತುಕೊಂಡ. "ಕೊನೇ ಸಲ ಹೇಳ್ತೀನಿ ಕೇಳು. ಇವತ್ತು ಪೂರ್ತಿ ಯಾರು ಯಾರ ಥರ ಕಂಡ್ರೂ ಅವರು ಅವರಲ್ಲ. ಒಳಗಿರೋದು ಬೇರೆ ಯಾರೋ. ನಂಬಬೇಡ! 'ವೇಷ ಬಹಳ ಚೆನ್ನಾಗಿದೆ' ಅನ್ನು, ಎದೆಗೆ ನಂಬರ್ ಚೀಟಿ ಅಂಟಿಸು, ವೇದಿಕೆ ಹತ್ತಿಸು. ಮುಗೀತು."

"ಅವರು ಅವರಲ್ಲ. ಗೊತ್ತಾಯ್ತಣ್ಣ!"

ಮಧ್ಯಾಹ್ನ ಅಂಗಡಿ ಮುಂದೆ ಜಾತ್ರೆಯಷ್ಟು ಜನ. ಕತ್ತಿಯವರು, ರೆಕ್ಕೆಯವರು, ಮುಖಕ್ಕೆ ಡಬ್ಬ ಕಟ್ಟಿಕೊಂಡು ಗೇಮಿನೊಳಗಿನ ಗೊಂಬೆಯಾದವರು. ಅಷ್ಟರಲ್ಲಿ ಪೊಲೀಸ್ ಇನ್ಸ್‌ಪೆಕ್ಟರು ಬಂದರು. ಮೈಕಿನ ಗಲಾಟೆ ಜಾಸ್ತಿಯಾಯಿತು ಅಂತ ಹೇಳಲು ಬಂದಿದ್ದರು.

"ವೇಷ ಬಹಳ ಚೆನ್ನಾಗಿದೆ!" ಅಂದ ಸಿದ್ದ. ಎದೆಗೆ ಆರನೇ ನಂಬರ್ ಅಂಟಿಸಿದ. "ಮೀಸೆ ಮಾತ್ರ ಅಂಟಿಸಿದ್ದು ಅಂತ ಗೊತ್ತಾಗುತ್ತೆ" ಅಂತ ಹಿಡಿದು ಎಳೆದೂ ನೋಡಿದ! ಜನ ಹೋ ಅಂತ ಚಪ್ಪಾಳೆ ಹೊಡೆದರು. ಇನ್ಸ್‌ಪೆಕ್ಟರ್ ಕಣ್ಣು ಕೆಂಪಗೆ ಮಾಡಿದರು. ಆದರೆ ಅಷ್ಟು ಚಪ್ಪಾಳೆ ಅವರಿಗೆ ಸರ್ವೀಸಿನಲ್ಲೇ ಬಿದ್ದಿರಲಿಲ್ಲ. ಮೀಸೆ ತೀಡಿಕೊಂಡು ವೇದಿಕೆ ಮೇಲೆ ನಿಂತರು.

ಏಳನೆಯವಳಾಗಿ ಬಂದವಳು ಹಾಲಮ್ಮ. ಅಜ್ಜಿಯ ಸಂಗತಿ, ಮಗನ ಕೆಲಸ ಹೋಗೋ ಸುದ್ದಿ ಕಿವಿಗೆ ಬಿದ್ದು, ಹಪ್ಪಳದ ಹಿಟ್ಟಿನ ಕೈಯಲ್ಲೇ ಓಡಿ ಬಂದಿದ್ದಳು.

ಸಿದ್ದ ಬೆರಗಾದ. "ಆಹಾ! ವೇಷ ಬಹಳ ಚೆನ್ನಾಗಿದೆ! ಥೇಟ್ ನಮ್ಮವ್ವ!"

"ನಾನೇ ಕಣೋ ನಿಮ್ಮವ್ವ!"

"ದನಿಯೂ ಅವಳದೇ!"

"ಬಾಯಿ ಮುಚ್ಚೋ ಕತ್ತೆ!"

"ಬೈಯೋದೂ ಹಂಗೇ!" ಅಂತ ಏಳನೇ ನಂಬರ್ ಅಂಟಿಸಿ ವೇದಿಕೆ ಹತ್ತಿಸಿದ.

ಹಾಲಮ್ಮ ಅಲ್ಲಿಂದಲೇ ಪಂಚಾಕ್ಷರಿಗೆ ಸೆರಗೊಡ್ಡಿದಳು. "ಅಪ್ಪಾ, ನನ್ನ ಮಗ ಪೆದ್ದ, ಒಪ್ಪಿದೆ. ಆದ್ರೆ ಈ ಅಂಗಡಿಗೆ ಬಂದ ಮೇಲೆ ರಾತ್ರಿ ಊಟಕ್ಕೆ ಕೂತಾಗ ನಗ್ತಾನೆ, ಕತೆ ಹೇಳ್ತಾನೆ. ಅವನನ್ನ ಬಿಡಿಸಬೇಡಪ್ಪಾ."

ಸಿದ್ದ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. "ಅಣ್ಣಾ, ಇದಕ್ಕೇ ಮೊದಲ ಬಹುಮಾನ! ನಮ್ಮವ್ವ ಬಂದಿದ್ರೂ ಹಿಂಗೇ ಕೇಳ್ತಿದ್ಲು!"

ಜನ ಬಿದ್ದು ಬಿದ್ದು ನಕ್ಕರು. ಪಂಚಾಕ್ಷರಿ ನಗಲೂ ಆಗದೆ ಅಳಲೂ ಆಗದೆ ಒದ್ದಾಡಿದ. ಕೊನೆಗೆ ಬಹುಮಾನದ ಲೋಟ ಹಾಲಮ್ಮನ ಕೈಗಿಟ್ಟು, "ನಾಳೆಯಿಂದಲೂ ಬರಲಿ ಬಿಡವ್ವಾ" ಅಂದ. ಎರಡನೇ ಬಹುಮಾನ ಇನ್ಸ್‌ಪೆಕ್ಟರಿಗೆ ಹೋಯಿತು.

ಸಿದ್ದನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅವ್ವನಿಗೆ ಸುದ್ದಿ ಹೇಳಬೇಕು ಅಂತ ಒಂದೇ ಉಸಿರಿಗೆ ಮನೆಗೆ ಓಡಿದ. ಹಿಂದೆಯೇ ಹಾಲಮ್ಮನೂ ಓಡಿದಳು. ಸಿದ್ದ ಒಳಗೆ ಹೋಗಿ ತಿರುಗಿ ನೋಡಿ ಚಿಲಕ ಹಾಕಿಕೊಂಡ.

"ಬಾಗಿಲು ತೆಗಿಯೋ ಸಿದ್ದಾ!"

"ಸ್ಪರ್ಧೆ ಮುಗೀತಲ್ಲ ತಾಯೀ, ಇನ್ನೂ ಯಾಕೆ ವೇಷ? ನಮ್ಮವ್ವ ಎಲ್ಲೋ ಹೋಗಿದ್ದಾಳೆ. ಅವಳು ಬಂದ ಮೇಲೆ ಬಾಗಿಲು ತೆಗೀತೀನಿ, ಜಗಲಿ ಮೇಲೆ ಕೂತಿರಿ. ಪಾಪ, ದಣಿದಿದೀರಿ." ಕಿಟಕಿಯಿಂದ ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ ಕೊಟ್ಟ.

ಹಾಲಮ್ಮ ತನ್ನ ಮನೆ ಜಗಲಿಯ ಮೇಲೆ ನೆಂಟರ ಹಾಗೆ ಕೂತಳು. ನೀರು ಕುಡಿದಳು. ಬೈಯೋಣ ಅಂತ ಬಾಯಿ ತೆಗೆದರೆ ನಗು ಬಂತು.

ಒಳಗಿಂದ ಸಿದ್ದ ಮೆಲ್ಲಗೆ ಕೂಗಿದ. "ತಾಯೀ, ನಮ್ಮವ್ವ ಬಂದ್ರೆ ನೀವು ಮೊದಲೇ ಹೇಳಿಬಿಡಬೇಡಿ. ಕೆಲಸ ಉಳೀತು ಅಂತ ನಾನೇ ಹೇಳ್ಬೇಕು. ಪಾಪ, ಅವಳಿಗೆ ಬಹಳ ಖುಷಿಯಾಗುತ್ತೆ!"

"ಆಯ್ತು ಕಣಪ್ಪಾ, ಹೇಳಲ್ಲ" ಅಂದಳು ಹಾಲಮ್ಮ.